ಮುಸುರೆ ನುಂಗುವ ಯಂತ್ರ

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಅಮೆರಿಕದ ನ್ಯೂಜರ್ಸಿಗೆ ಹೋದ ತಾಯಿಯೊಬ್ಬರನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಪುಷ್ಯಮಾಸದ ಚಳಿ, ಹೊರಗೆ ಹಿಮ. ಬಾಗಿಲು ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿವೆ. ಒಳಗಿನ ಗಾಳಿ ಒಳಗೇ ಸುತ್ತುತ್ತಿದೆ. ಬಾಣಂತಿಗೆ ಹಿತವಾಗಲೆಂದು ಆ ತಾಯಿ ದಿನವೂ ಮೆಣಸಿನ ಸಾರು ಕಾಯಿಸುತ್ತಾರೆ, ಬೆಳ್ಳುಳ್ಳಿ ಹುರಿಯುತ್ತಾರೆ, ತುಪ್ಪದಲ್ಲಿ ಇಂಗಿನ ಒಗ್ಗರಣೆ ಹಾಕುತ್ತಾರೆ. ವಾರ ಕಳೆಯುವುದರೊಳಗೆ ಅಡುಗೆಮನೆಯಲ್ಲಿ ಏನೋ ಒಂದು ನಾತ ಕಾಣಿಸಿಕೊಂಡಿತು.

ಅಳಿಯಂದಿರು ಸಂಭಾವಿತರು, ಬಾಯಿಬಿಟ್ಟು ಏನನ್ನೂ ಆಡಲಿಲ್ಲ. ಕೆಲಸದಿಂದ ಬಂದವರೇ ಕೋಟನ್ನೂ ಕಳಚದೆ ಕಿಟಕಿಯನ್ನು ಒಂದಂಗುಲ ತೆರೆದರು, ಅಷ್ಟೆ. ಆ ಒಂದಂಗುಲವೇ ಅತ್ತೆಯವರ ಮನಸ್ಸಿಗೆ ನಾಟಿತು. ಮರುದಿನದಿಂದ ಸಾರಿಗೆ ಇಂಗು ಬೀಳಲಿಲ್ಲ. ಅದರ ಮರುದಿನ ಬೆಳ್ಳುಳ್ಳಿಯೂ ನಿಂತಿತು. ಆದರೂ ನಾತ ಹೋಗಲಿಲ್ಲ. ಇನ್ನು ಮೂರು ತಿಂಗಳು ಈ ಮನೆಯಲ್ಲಿ ಕಳೆಯುವುದು ಹೇಗೆಂದು ಆಕೆ ರಾತ್ರಿ ನಿದ್ದೆಯಿಲ್ಲದೆ ಯೋಚಿಸತೊಡಗಿದರು.

ತಪ್ಪು ಇಂಗಿನದೂ ಅಲ್ಲ, ಬೆಳ್ಳುಳ್ಳಿಯದೂ ಅಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಳಿತಿದ್ದ ಯಂತ್ರವೊಂದರದು. ಅಮೆರಿಕದ ಮನೆಗಳಲ್ಲಿ ಅದಕ್ಕೆ ಗಾರ್ಬೇಜ್ ಡಿಸ್ಪೋಸಲ್ ಎಂದು ಹೆಸರು. ಅಡುಗೆಮನೆಯ ಮುಸುರೆಯನ್ನು ನುಣ್ಣಗೆ ಅರೆದು ನೀರಿನೊಡನೆ ಚರಂಡಿಗೆ ಸಾಗಿಸುವುದು ಅದರ ಕೆಲಸ. ಕನ್ನಡದ ಸಂಸಾರಗಳು ಈಗ ಆ ದೇಶದಲ್ಲಿ ಸಾವಿರಾರಾಗಿ ನೆಲೆಸಿರುವುದರಿಂದ, ಈ ಯಂತ್ರದ ಗುಣದೋಷಗಳನ್ನು ಅರಿತಿರುವುದು ಅಲ್ಲಿರುವವರಿಗೂ, ಅಲ್ಲಿಗೆ ಹೋಗಿಬರುವ ತಂದೆತಾಯಂದಿರಿಗೂ ಉಪಯುಕ್ತವೇ ಸರಿ.

ಹುಟ್ಟಿದ ಬಗೆ

ಈ ಯಂತ್ರದ ಜನಕ ಜಾನ್ ಹ್ಯಾಮ್ಸ್ ಎಂಬ ವಾಸ್ತುಶಿಲ್ಪಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರಸೀನ್ ಎಂಬ ಊರಿನವನು. ಅಡುಗೆಮನೆಯಲ್ಲಿ ಹೆಂಡತಿಯ ಶ್ರಮ ತಗ್ಗಲೆಂದು 1927ರಲ್ಲಿ ತನ್ನ ಮನೆಯಲ್ಲೇ ಮೊದಲ ಯಂತ್ರವನ್ನು ರಚಿಸಿದನೆಂದು ಪ್ರತೀತಿ. 1935ರಲ್ಲಿ ಅವನಿಗೆ ಅದರ ಪೇಟೆಂಟ್ ದೊರೆಯಿತು. 1938ರಲ್ಲಿ ಇನ್‌ಸಿಂಕರೇಟರ್ ಎಂಬ ಹೆಸರಿನಲ್ಲಿ ಅವನ ಕಾರ್ಖಾನೆ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೊಸ ಮನೆಗಳು ಎದ್ದಂತೆಲ್ಲ ಈ ಯಂತ್ರವೂ ಮನೆಮನೆಗೆ ಹೊಕ್ಕಿತು.

ಎಲ್ಲ ನಗರಗಳೂ ಇದನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಅರೆದ ಮುಸುರೆಯ ಭಾರವನ್ನು ಹಳೆಯ ಚರಂಡಿಗಳು ತಾಳಲಾರವೆಂಬ ಭಯದಿಂದ ನ್ಯೂಯಾರ್ಕ್ ನಗರದ ಬಹುಭಾಗದಲ್ಲಿ ದೀರ್ಘಕಾಲ ಇದಕ್ಕೆ ನಿಷೇಧವಿತ್ತು. ಆ ನಿಷೇಧ ತೆರವಾದದ್ದು 1997ರಲ್ಲಿ.

ಒಳಗಿರುವುದು ಕತ್ತಿಯಲ್ಲ

ಡಿಸ್ಪೋಸಲ್ಲಿನ ಹೊಟ್ಟೆಯಲ್ಲಿ ಹರಿತವಾದ ಕತ್ತಿಗಳು ತಿರುಗುತ್ತವೆಂದು ಬಹಳ ಮಂದಿ ನಂಬಿರುವುದುಂಟು. ಅದು ನಿಜವಲ್ಲ. ನಮ್ಮ ಮನೆಗಳ ಮಿಕ್ಸಿಗೂ ಇದಕ್ಕೂ ಅದೇ ವ್ಯತ್ಯಾಸ. ತಳದಲ್ಲಿ ಲೋಹದ ತಟ್ಟೆಯೊಂದಿದೆ. ಅದರ ಮೇಲೆ ಆಚೀಚೆ ಅಲುಗುವ ಎರಡು ಮೊಂಡು ಲೋಹದ ತುಂಡುಗಳಿವೆ. ಸುತ್ತಲೂ ಗೋಡೆಗೆ ಅಂಟಿಕೊಂಡಂತೆ ಹಲ್ಲುಗಳುಳ್ಳ ಒಂದು ಉಂಗುರವಿದೆ. ಮೋಟಾರು ತಿರುಗಿದಾಗ ತಟ್ಟೆಯ ಮೇಲೆ ಬಿದ್ದ ಪದಾರ್ಥ ಹೊರಕ್ಕೆ ಚಿಮ್ಮಿ ಉಂಗುರಕ್ಕೆ ಬಡಿಯುತ್ತದೆ. ತುರಿಮಣೆಗೆ ಒತ್ತಿದ ಕೊಬ್ಬರಿಯಂತೆ ಸವೆದು ಪುಡಿಯಾಗುತ್ತದೆ. ಸಣ್ಣ ಸಂದುಗಳ ಮೂಲಕ ನೀರಿನೊಡನೆ ಕೊಳವೆಗೆ ಇಳಿಯುತ್ತದೆ. ಮನೆಬಳಕೆಯ ಯಂತ್ರಗಳ ಮೋಟಾರು ಸಾಮಾನ್ಯವಾಗಿ ಮೂರನೆಯ ಒಂದು ಭಾಗದಿಂದ ಒಂದು ಅಶ್ವಶಕ್ತಿಯವರೆಗೆ ಇರುತ್ತದೆ. ನಿಮಿಷಕ್ಕೆ ಸುಮಾರು 1,700 ಸುತ್ತು ತಿರುಗುವ ಯಂತ್ರಗಳು ಹೇರಳ. ಅದಕ್ಕಿಂತ ವೇಗವಾಗಿ ತಿರುಗುವವೂ ಉಂಟು.

ಕತ್ತಿಯಿಲ್ಲವೆಂದ ಮಾತ್ರಕ್ಕೆ ಕೈ ಹಾಕಬಹುದೆಂದು ಅರ್ಥವಲ್ಲ. ತೊಟ್ಟಿಯ ಬಾಯಿಗೆ ಚಮಚ ಜಾರಿ ಬಿದ್ದರೆ, ಬಚ್ಚಲ ತೂಬಿನಿಂದ ಎತ್ತಿಕೊಂಡು ಅಭ್ಯಾಸವಾದ ಕೈ ತಾನಾಗಿಯೇ ಒಳಗೆ ಹೋಗುತ್ತದೆ. "ಅಮ್ಮಾ, ಕೈ ಹಾಕಬೇಡ!" ಎಂದು ಮಗಳು ಕೂಗಿಕೊಳ್ಳುವುದು ಸುಮ್ಮನೆ ಅಲ್ಲ. ಗೋಡೆಯ ಮೇಲಿನ ಗುಂಡಿ ದೀಪದ ಗುಂಡಿಯಂತೆಯೇ ಇರುತ್ತದೆ. ಅದನ್ನು ಯಾರು ಯಾವಾಗ ಒತ್ತುವರೋ ತಿಳಿಯದು. ಯಂತ್ರ ನಿಂತಿರಲಿ, ಓಡುತ್ತಿರಲಿ, ಬಿದ್ದುದನ್ನು ಉದ್ದನೆಯ ಇಕ್ಕಳದಿಂದಲೇ ಎತ್ತತಕ್ಕದ್ದು. ಹೊಸದಾಗಿ ಬಂದ ಹಿರಿಯರಿಗೆ ಈ ಒಂದು ಮಾತನ್ನು ಮೊದಲ ದಿನವೇ ತಿಳಿಸುವುದು ಮನೆಯವರ ಕರ್ತವ್ಯ.

ನಾತ ಎಲ್ಲಿಂದ?

ದಿನವೂ ಅಷ್ಟೊಂದು ನೀರು ಹರಿಯುವ ಕಡೆ ನಾತ ಹೇಗೆ ಹುಟ್ಟುತ್ತದೆಂದು ಗೃಹಿಣಿಯರು ಆಶ್ಚರ್ಯಪಡುತ್ತಾರೆ. ಕಾರಣ ಸರಳವಾದುದು. ನಲ್ಲಿಯ ನೀರು ಯಂತ್ರದ ನಡುವೆ ನೇರವಾಗಿ ಇಳಿದು ಹೋಗುತ್ತದೆ. ಆದರೆ ಅರೆಯುವಾಗ ಪದಾರ್ಥ ಮೇಲಕ್ಕೂ ಚಿಮ್ಮುತ್ತದೆ. ಆ ಚಿಮ್ಮನ್ನು ತಡೆಯಲೆಂದೇ ತೊಟ್ಟಿಯ ಬಾಯಿಗೆ ಹೂವಿನ ಎಸಳಿನಂತೆ ಸೀಳಿದ ರಬ್ಬರಿನ ಮುಚ್ಚಳವನ್ನು ಹಾಕಿರುತ್ತಾರೆ. ಮೇಲಿನಿಂದ ನೋಡಿದರೆ ಅದು ಕಪ್ಪಗೆ, ಶುಭ್ರವಾಗಿ ಕಾಣುತ್ತದೆ. ಅದರ ಅಡಿಭಾಗವನ್ನು ಮಾತ್ರ ಯಾರೂ ನೋಡುವುದಿಲ್ಲ, ನೀರೂ ಮುಟ್ಟುವುದಿಲ್ಲ. ಬೇಳೆಯ ಕಣ, ಅನ್ನದ ಗಂಜಿ, ತುಪ್ಪದ ಜಿಡ್ಡು ಎಲ್ಲವೂ ಅಲ್ಲಿ ಪದರಪದರವಾಗಿ ಅಂಟುತ್ತವೆ. ಅರೆಯುವ ಉಂಗುರಕ್ಕಿಂತ ಮೇಲಿರುವ ಗೋಡೆಯ ಸ್ಥಿತಿಯೂ ಇದೇ.

ಬೆಚ್ಚಗೆ, ಒದ್ದೆಯಾಗಿ, ಕತ್ತಲೆಯಲ್ಲಿರುವ ಈ ಲೋಳೆ ಬ್ಯಾಕ್ಟೀರಿಯಗಳಿಗೆ ಔತಣ. ಗಾಳಿ ಸಾಲದ ಒಳಪದರಗಳಲ್ಲಿ ಅವು ಗಂಧಕದ ಅಂಶವುಳ್ಳ ಅನಿಲಗಳನ್ನು ಹುಟ್ಟಿಸುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಅಂಥವುಗಳಲ್ಲೊಂದು. ಈರುಳ್ಳಿ, ಬೆಳ್ಳುಳ್ಳಿ, ಕೋಸು ಇವುಗಳಲ್ಲಿ ಗಂಧಕದ ಸಂಯುಕ್ತಗಳಿರುವುದು ನಿಜ. ಆದರೆ ಒಲೆಯ ಮೇಲಿನ ಒಗ್ಗರಣೆಯ ಘಮ ಗಂಟೆಯೊಳಗೆ ಆರಿಹೋಗುತ್ತದೆ. ಕೆಲವು ದಿನಗಳಿಂದ ಬಿಡದೆ ಕಾಡುವ, ಬೆಳಿಗ್ಗೆ ಎದ್ದೊಡನೆ ಅಡುಗೆಮನೆಯಲ್ಲಿ ಎದುರುಗೊಳ್ಳುವ ನಾತ ಅಡುಗೆಯದಲ್ಲ, ಅಡುಗೆಯ ಅವಶೇಷದ್ದು. ಈ ಎರಡನ್ನು ಬೇರ್ಪಡಿಸಿ ನೋಡಿದರೆ ಎಷ್ಟೋ ಮನಸ್ತಾಪಗಳು ತಪ್ಪುತ್ತವೆ.

ಶುದ್ಧಿಮಾಡುವ ಕ್ರಮ

ಈ ಕೆಲಸಕ್ಕೆ ದುಬಾರಿ ಔಷಧಗಳು ಬೇಡ. ಹಳೆಯ ಹಲ್ಲುಜ್ಜುವ ಬ್ರಷ್ಷು, ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಅಡುಗೆ ಸೋಡ, ಬಿಳಿ ವಿನಿಗರ್, ಮಂಜುಗಡ್ಡೆ, ಕಲ್ಲುಪ್ಪು ಇಷ್ಟಿದ್ದರೆ ಸಾಕು. ಅರ್ಧ ಗಂಟೆಯ ಕೆಲಸ.

ಮೊದಲನೆಯದಾಗಿ ವಿದ್ಯುಚ್ಛಕ್ತಿಯನ್ನು ತಪ್ಪಿಸಬೇಕು. ಗೋಡೆಯ ಗುಂಡಿಯನ್ನು ಆರಿಸಿದರೆ ಸಾಲದು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿರುವ ಪ್ಲಗ್ಗನ್ನು ಕಿತ್ತಿಡಬೇಕು. ಪ್ಲಗ್ಗಿಲ್ಲದೆ ನೇರವಾಗಿ ತಂತಿ ಜೋಡಿಸಿದ್ದಲ್ಲಿ ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಅದರ ಬ್ರೇಕರನ್ನು ಇಳಿಸಬೇಕು. ಬಳಿಕ ಟಾರ್ಚ್ ಬಿಟ್ಟು ಒಳಗೆ ನೋಡಿ, ಸಿಕ್ಕಿಕೊಂಡಿರುವ ನಾರು, ಎಲುಬು, ಬಾಟಲಿಯ ಮುಚ್ಚಳ ಮುಂತಾದುವನ್ನು ಇಕ್ಕಳದಿಂದ ತೆಗೆಯಬೇಕು.

ಎರಡನೆಯದು ರಬ್ಬರಿನ ಸರದಿ. ಕೆಲವು ಯಂತ್ರಗಳಲ್ಲಿ ಈ ಮುಚ್ಚಳವನ್ನು ಮೇಲಕ್ಕೆ ಎಳೆದು ಕಳಚಬಹುದು. ಕಳಚಿ ಬಂದರೆ ಬಿಸಿನೀರು ಸೋಪಿನಲ್ಲಿ ಎರಡೂ ಬದಿಯನ್ನು ಉಜ್ಜಿ ತೊಳೆಯುವುದು ಸುಲಭ. ಬಾರದಿದ್ದರೆ ಚಮಚದ ಹಿಡಿಯಿಂದ ಒಂದೊಂದೇ ಎಸಳನ್ನು ಮೇಲಕ್ಕೆತ್ತಿ, ಸೋಪು ಹಚ್ಚಿದ ಬ್ರಷ್ಷಿನಿಂದ ಅಡಿಭಾಗವನ್ನು ತಿಕ್ಕಬೇಕು. ಬ್ರಷ್ಷಿಗೆ ಮೆತ್ತಿಕೊಂಡು ಬರುವ ಬೂದುಬಣ್ಣದ ಲೋಳೆಯನ್ನು ಕಂಡರೆ ನಾತದ ಮೂಲ ಯಾವುದೆಂಬ ಸಂದೇಹ ಉಳಿಯುವುದಿಲ್ಲ. ರಬ್ಬರಿನ ಬುಡಕ್ಕೂ ತೊಟ್ಟಿಯ ಲೋಹಕ್ಕೂ ನಡುವಿನ ಸಂದಿಯನ್ನೂ, ಕೆಳಗೆ ಕಾಣುವ ಗೋಡೆಯನ್ನೂ ಹಾಗೆಯೇ ಉಜ್ಜತಕ್ಕದ್ದು. ಇಡೀ ಶುದ್ಧಿಕಾರ್ಯದಲ್ಲಿ ಮುಖ್ಯವಾದ ಭಾಗ ಇದೇ. ಉಳಿದುದೆಲ್ಲ ಇದಕ್ಕೆ ಸಹಾಯಕ.

ಮೂರನೆಯದಾಗಿ ಅರ್ಧ ಬಟ್ಟಲು ಅಡುಗೆ ಸೋಡವನ್ನು ಒಳಗೆ ಸುರಿದು, ಅದರ ಮೇಲೆ ಒಂದು ಬಟ್ಟಲು ವಿನಿಗರನ್ನು ಮೆಲ್ಲಗೆ ಹೊಯ್ಯಬೇಕು. ಬುಸುಬುಸು ನೊರೆಯೇಳುತ್ತದೆ. ಆ ನೊರೆ ಇಂಗಾಲದ ಡೈಆಕ್ಸೈಡ್ ಅನಿಲದ್ದು. ಬ್ರಷ್ಷು ತಲುಪದ ಮೂಲೆಗಳಲ್ಲಿ ಸಡಿಲವಾದ ಕೊಳೆಯನ್ನು ಅದು ಎಬ್ಬಿಸುತ್ತದೆ. ಹತ್ತು ನಿಮಿಷ ಬಿಟ್ಟು ಬಿಸಿನೀರು ಹೊಯ್ದರೆ ಕೆಲಸ ಮುಗಿಯಿತು. ಸೋಡ ಕ್ಷಾರ, ವಿನಿಗರ್ ಆಮ್ಲ. ಒಂದರ ಶಕ್ತಿಯನ್ನು ಇನ್ನೊಂದು ಕಳೆಯುವುದರಿಂದ ಈ ಮಿಶ್ರಣವನ್ನೇ ನಂಬಿ ಬ್ರಷ್ಷನ್ನು ಬಿಡುವುದು ಜಾಣತನವಲ್ಲ.

ನಾಲ್ಕನೆಯದಾಗಿ ವಿದ್ಯುತ್ತನ್ನು ಮತ್ತೆ ಜೋಡಿಸಿ, ಎರಡು ಬಟ್ಟಲು ಮಂಜುಗಡ್ಡೆಯ ಚೂರುಗಳನ್ನೂ ಅರ್ಧ ಬಟ್ಟಲು ಕಲ್ಲುಪ್ಪನ್ನೂ ಹಾಕಿ, ತಣ್ಣೀರು ಬಿಟ್ಟು ಯಂತ್ರವನ್ನು ಓಡಿಸಬೇಕು. ಗುಡುಗಿನಂಥ ಸದ್ದಾಗುತ್ತದೆ; ಹೆದರಬೇಕಾಗಿಲ್ಲ. ಮಂಜುಗಡ್ಡೆಯಿಂದ ಕತ್ತಿ ಹರಿತವಾಗುತ್ತದೆಂದು ಹೇಳುವವರಿದ್ದಾರೆ. ಇಲ್ಲದ ಕತ್ತಿ ಹರಿತವಾಗುವುದಾದರೂ ಹೇಗೆ? ಮಂಜೂ ಉಪ್ಪೂ ಸೇರಿ ಮರಳಿನಂತೆ ಉಂಗುರವನ್ನು ಉಜ್ಜುತ್ತವೆ. ಜಿಡ್ಡು ಗಟ್ಟಿಯಾಗಿ ಉದುರುತ್ತದೆ. ಪ್ರಯೋಜನ ಅಷ್ಟೇ, ಅಷ್ಟೇ ಸಾಕು.

ಕೊನೆಯದಾಗಿ ತೊಟ್ಟಿಗೆ ಬಿರಡೆ ಹಾಕಿ, ಅರ್ಧದಷ್ಟು ಉಗುರು ಬೆಚ್ಚಗಿನ ಸೋಪುನೀರು ತುಂಬಿಸಬೇಕು. ಬಿರಡೆಯನ್ನು ತೆಗೆದೊಡನೆ ಯಂತ್ರವನ್ನು ಓಡಿಸಬೇಕು. ನಲ್ಲಿಯ ಧಾರೆ ನಡುವೆ ಮಾತ್ರ ಇಳಿದರೆ, ಈ ನೀರು ಗಂಟಲು ತುಂಬಿ ರಭಸದಿಂದ ನುಗ್ಗುತ್ತದೆ; ಎಲ್ಲ ಪಕ್ಕಗಳನ್ನೂ ತೊಳೆಯುತ್ತದೆ. ಇಷ್ಟಾದ ಮೇಲೆ ನಿಂಬೆ ಅಥವಾ ಕಿತ್ತಳೆಯ ಸಿಪ್ಪೆಯ ನಾಲ್ಕು ಸಣ್ಣ ಚೂರು ಹಾಕಿ ಅರೆಸಿದರೆ ಪರಿಮಳವುಂಟಾಗುತ್ತದೆ. ಶುದ್ಧಿಮಾಡದೆ ಬರಿಯ ಸಿಪ್ಪೆಯನ್ನು ಅರೆಸುವುದು ಮಾತ್ರ ಸ್ನಾನಮಾಡದೆ ಅತ್ತರು ಹಚ್ಚಿಕೊಂಡಂತೆ.

ಸೋಡ ಅಥವಾ ಮಂಜುಗಡ್ಡೆಯ ಉಪಚಾರವನ್ನು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಇಟ್ಟುಕೊಳ್ಳಬಹುದು. ರಬ್ಬರಿನ ಅಡಿಯನ್ನು ತಿಂಗಳಿಗೆ ಎರಡು ಬಾರಿ ಉಜ್ಜಿದರೆ ನಾತ ಮರಳುವ ಸಂಭವ ಕಡಿಮೆ.

ಮಾಡಬಾರದ ಕೆಲಸಗಳು

ಕಟ್ಟಿದ ಚರಂಡಿಯನ್ನು ಬಿಡಿಸಲು ಮಾರುವ ತೀಕ್ಷ್ಣವಾದ ರಾಸಾಯನಿಕಗಳನ್ನು ಈ ಯಂತ್ರಕ್ಕೆ ಸುರಿಯಬಾರದು. ಅವು ರಬ್ಬರನ್ನೂ ಲೋಹವನ್ನೂ ಕೆಡಿಸುತ್ತವೆ. ಒಳಗೆ ನಿಂತಿದ್ದ ದ್ರವ ಯಂತ್ರ ತಿರುಗಿದಾಗ ಮುಖಕ್ಕೆ ಚಿಮ್ಮಿದರೆ ಕಣ್ಣಿಗೇ ಅಪಾಯ. ಬಟ್ಟೆ ಬಿಳಿಮಾಡುವ ಬ್ಲೀಚಿನ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಬ್ಲೀಚೂ ವಿನಿಗರೂ ಒಂದಾದರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಬಾಗಿಲು ಮುಚ್ಚಿದ ಚಳಿಗಾಲದ ಮನೆಯಲ್ಲಿ, ಅದರಲ್ಲೂ ಎಳೆಗೂಸಿರುವಲ್ಲಿ, ಈ ತಪ್ಪು ಎಂದೂ ಆಗಕೂಡದು.

ದಿನದ ಬಳಕೆಯಲ್ಲಿ ಒಂದು ಕ್ರಮವಿದೆ. ಮೊದಲು ತಣ್ಣೀರು ಬಿಡಬೇಕು. ಆಮೇಲೆ ಯಂತ್ರವನ್ನು ಓಡಿಸಬೇಕು. ಆಮೇಲೆ ಮುಸುರೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಅರೆಯುವ ಸದ್ದು ನಿಂತು ಬರಿಯ ಗುಂಯ್‌ಗುಡುವ ಸದ್ದು ಕೇಳಿಸಿದ ಮೇಲೆ ಯಂತ್ರವನ್ನು ಆರಿಸಿ, ನೀರನ್ನು ಮಾತ್ರ ಇನ್ನೂ ಹದಿನೈದು ಸೆಕೆಂಡು ಬಿಡಬೇಕು. ಅರೆಯುವಾಗ ಬಿಸಿನೀರು ಏಕೆ ಬೇಡವೆಂದರೆ, ಬಿಸಿಯಲ್ಲಿ ಕರಗಿದ ಜಿಡ್ಡು ಮುಂದೆ ಕೊಳವೆಯಲ್ಲಿ ತಣ್ಣಗಾಗಿ ಗೋಡೆಗೆ ಹೆಪ್ಪುಗಟ್ಟುತ್ತದೆ. ತಣ್ಣೀರಿನಲ್ಲಿ ಅದು ಗಟ್ಟಿಯಾಗಿಯೇ ಉಳಿದು ಚೂರಾಗಿ ಹರಿದುಹೋಗುತ್ತದೆ.

ನಮ್ಮ ಅಡುಗೆಯೂ ಆ ಯಂತ್ರವೂ

ಕನ್ನಡದ ಅಡುಗೆಮನೆಯ ಮುಸುರೆ ಅಮೆರಿಕದವರ ಮುಸುರೆಯಂತಲ್ಲ. ಆದುದರಿಂದ ಯಂತ್ರದೊಡನೆ ಬರುವ ಸೂಚನೆಗಳಲ್ಲಿ ಕಾಣದ ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕಾಗಿದೆ.

ನುಗ್ಗೆಕಾಯಿಯ ಸಿಪ್ಪೆ, ಬಾಳೆದಿಂಡಿನ ನಾರು, ಬಾಳೆಹಣ್ಣಿನ ಸಿಪ್ಪೆ, ಹುಣಸೆಹಣ್ಣು ಹಿಂಡಿ ಉಳಿದ ನಾರು, ಕರಿಬೇವಿನ ಕಡ್ಡಿ, ಸೊಪ್ಪಿನ ದಂಟು ಇವೆಲ್ಲ ನಾರಿನ ಜಾತಿ. ಯಂತ್ರ ಇವನ್ನು ಅರೆಯಲಾರದು. ಹುರಿ ಹೊಸೆದಂತೆ ಅವು ತಟ್ಟೆಗೆ ಸುತ್ತಿಕೊಳ್ಳುತ್ತವೆ. ತೆಂಗಿನ ಕರಟ, ಮಾವಿನ ಓಟೆ, ಹುಣಸೆಬೀಜ ಇವುಗಳನ್ನು ಹಾಕಿದರೆ ಮೋಟಾರು ಸಿಕ್ಕಿಕೊಂಡು ನಿಲ್ಲುವುದೇ ಹೆಚ್ಚು.

ಅನ್ನದ ವಿಷಯ ಇನ್ನೂ ಸೂಕ್ಷ್ಮ. ಅನ್ನ ಮೆತ್ತಗಿದೆಯಲ್ಲ, ಹೋದರೆ ಹೋಗಲಿ ಎಂದು ತಟ್ಟೆಯಲ್ಲಿ ಉಳಿದುದನ್ನೆಲ್ಲ ತಳ್ಳುವುದು ವಾಡಿಕೆ. ಮಕ್ಕಳು ಗಾಳಿಪಟಕ್ಕೆ ಕಾಗದ ಅಂಟಿಸುವುದು ಯಾವುದರಿಂದ ಎಂಬುದನ್ನು ನೆನೆದರೆ ಆ ವಾಡಿಕೆ ತಪ್ಪುತ್ತದೆ. ಅರೆದ ಅನ್ನ ಕೊಳವೆಯ ಬಾಗಿನಲ್ಲಿ ಅಂಟಾಗಿ ಕೂರುತ್ತದೆ. ಮಿಕ್ಕ ದೋಸೆಹಿಟ್ಟು, ಆಲೂಗಡ್ಡೆಯ ರಾಶಿ ಸಿಪ್ಪೆ ಇವಕ್ಕೂ ಅದೇ ಗುಣ. ಕಾಫಿಯ ಚರಟ ನುಣ್ಣಗಿರುವುದರಿಂದ ಯಂತ್ರವನ್ನು ಸುಲಭವಾಗಿ ದಾಟುತ್ತದೆ, ಆದರೆ ಕೊಳವೆಯಲ್ಲಿ ಕೆಸರಿನಂತೆ ಇಳಿದು ಕೂರುತ್ತದೆ. ಕರಿದ ಎಣ್ಣೆಯನ್ನೂ ತುಪ್ಪದ ಗಸಿಯನ್ನೂ ತೊಟ್ಟಿಗೆ ಹೊಯ್ಯಲೇಬಾರದು; ಡಬ್ಬಿಯಲ್ಲಿ ಆರಿಸಿ ಕಸದ ಬುಟ್ಟಿಗೆ ಹಾಕುವುದು ಲೇಸು. ಮನೆಯ ಚರಂಡಿ ಊರಿನ ಚರಂಡಿಗೆ ಸೇರದೆ ಸ್ವಂತ ಸೆಪ್ಟಿಕ್ ಟ್ಯಾಂಕಿಗೆ ಸೇರುವುದಾದರೆ ಈ ಯಂತ್ರವನ್ನು ಮಿತವಾಗಿ ಬಳಸುವುದೇ ಮೇಲು.

ಯಂತ್ರ ಮುನಿದಾಗ

ಗುಂಡಿ ಒತ್ತಿದಾಗ ಯಂತ್ರ ಗುಂಯ್‌ಗುಟ್ಟಿದರೂ ತಿರುಗದಿದ್ದರೆ ಒಳಗೆ ಏನೋ ಸಿಕ್ಕಿದೆಯೆಂದು ಅರ್ಥ. ಕೂಡಲೇ ಆರಿಸಬೇಕು, ಇಲ್ಲವಾದರೆ ಮೋಟಾರು ಸುಟ್ಟೀತು. ವಿದ್ಯುತ್ತನ್ನು ತಪ್ಪಿಸಿ ಯಂತ್ರದ ತಳವನ್ನು ನೋಡಿದರೆ, ಬಹಳಷ್ಟು ಯಂತ್ರಗಳಲ್ಲಿ ನಡುವೆ ಆರು ಮೂಲೆಯ ಒಂದು ರಂಧ್ರವಿರುತ್ತದೆ. ಕಾಲು ಅಂಗುಲದ ಅಲೆನ್ ಕೀಲಿಯನ್ನು ಅದರಲ್ಲಿಟ್ಟು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ತಟ್ಟೆ ಸಡಿಲವಾಗುತ್ತದೆ. ಸಿಕ್ಕಿದ ವಸ್ತುವನ್ನು ಇಕ್ಕಳದಿಂದ ಎತ್ತಿ, ಮೋಟಾರು ಆರಲು ಕೆಲವು ನಿಮಿಷ ಬಿಟ್ಟು, ತಳದಲ್ಲೇ ಇರುವ ಕೆಂಪು ಗುಂಡಿಯನ್ನು ಒತ್ತಿದರೆ ಯಂತ್ರ ಮತ್ತೆ ಸಿದ್ಧ. ಕೊಳಾಯಿ ಕೆಲಸದವನನ್ನು ಕರೆಸುವ ಖರ್ಚು ಎಷ್ಟೋ ಬಾರಿ ಇಷ್ಟರಿಂದಲೇ ಉಳಿಯುತ್ತದೆ.

ಶುದ್ಧಿಮಾಡಿದ ಮೇಲೂ ನಾತ ನಿಲ್ಲದಿದ್ದರೆ ದೋಷ ಬೇರೆಡೆ ಇರಬಹುದು. ತೊಟ್ಟಿಯ ಕೆಳಗಿನ ಕೊಳವೆ ಒಂದೆಡೆ ಬಾಗಿ ಮೇಲೆದ್ದಿರುತ್ತದೆ. ಆ ಬಾಗಿನಲ್ಲಿ ಸದಾ ನಿಲ್ಲುವ ನೀರು ಚರಂಡಿಯ ಅನಿಲ ಮನೆಯೊಳಗೆ ಬಾರದಂತೆ ತಡೆಯುವ ಬೀಗ. ಬಹುದಿನ ಬಳಸದ ತೊಟ್ಟಿಯಲ್ಲಿ ಆ ನೀರು ಆರಿದರೆ ಚರಂಡಿಯ ನಾತ ನೇರವಾಗಿ ಬರುತ್ತದೆ. ಒಂದೆರಡು ಚೊಂಬು ನೀರು ಹೊಯ್ದರೆ ಸಾಕು, ಬೀಗ ಮತ್ತೆ ಬೀಳುತ್ತದೆ. ಪಾತ್ರೆ ತೊಳೆಯುವ ಯಂತ್ರದ ಕೊಳವೆ ಡಿಸ್ಪೋಸಲ್ಲಿಗೆ ಸೇರಿರುವ ಮನೆಗಳಲ್ಲಿ ಆ ಕೊಳವೆಯನ್ನೂ ಆಗಾಗ ಪರೀಕ್ಷಿಸುವುದು ಯುಕ್ತ.

ನಮ್ಮ ನಾಡಿಗೆ ಇದು ಬೇಕೆ?

ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಮುಸುರೆ ಒಂದು ಸಮಸ್ಯೆಯೇ ಆಗಿರಲಿಲ್ಲ. ಅಕ್ಕಿ ತೊಳೆದ ನೀರೂ ತರಕಾರಿಯ ಸಿಪ್ಪೆಯೂ ಕಲಗಚ್ಚಿನ ಬಾನಿಗೆ ಬಿದ್ದು ಹಸುವಿನ ಹೊಟ್ಟೆ ಸೇರುತ್ತಿದ್ದುವು. ಹಸುವೂ ಹಿತ್ತಿಲೂ ಇಲ್ಲದ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ಈಗ ಕೆಲವರು ಈ ಯಂತ್ರವನ್ನು ಕೂರಿಸಿಕೊಳ್ಳುವುದುಂಟು. ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ತೂಗಿ ನೋಡುವುದು ವಿವೇಕ. ಪ್ರತಿ ಬಾರಿಯೂ ನಲ್ಲಿಯನ್ನು ಧಾರಾಳವಾಗಿ ಬಿಡದೆ ಇದು ಕೆಲಸ ಮಾಡದು. ಬೇಸಗೆಯಲ್ಲಿ ಟ್ಯಾಂಕರಿನ ನೀರಿಗೆ ಕಾಯುವ ಮನೆಗೆ ಅದು ದುಬಾರಿ. ಕೊಳಚೆಯನ್ನು ತಾನೇ ಶುದ್ಧಿಮಾಡಿಕೊಳ್ಳುವ ಗೃಹಸಮುಚ್ಚಯಗಳಲ್ಲಿ ಅರೆದ ಮುಸುರೆಯ ಹೊರೆಯೂ ಆ ಘಟಕದ ಮೇಲೆಯೇ ಬೀಳುತ್ತದೆ. ಹಸಿಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದುವು. ಹಾಗೆ ಬೇರ್ಪಡಿಸಿದುದು ಗೊಬ್ಬರವಾದರೆ ಮಣ್ಣಿಗೆ ಮರಳುತ್ತದೆ. ಚರಂಡಿಗೆ ಹೋದರೆ ಹಾಗಲ್ಲ.

ಅಮೆರಿಕದ ಮನೆಯಲ್ಲಿ ಆಯ್ಕೆಯ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅನೇಕ ಕಡೆ ಮನೆಯೊಡನೆ ಯಂತ್ರವೂ ಬಂದಿರುತ್ತದೆ. ಅದನ್ನು ಸಾಕಿಕೊಳ್ಳಬೇಕಾದವರು ಅದರ ಸ್ವಭಾವ ತಿಳಿಯಬೇಕು.

ನ್ಯೂಜರ್ಸಿಯ ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಳಿಯಂದಿರು ಕಪಾಟಿನೊಳಗೆ ತಲೆಯಿಟ್ಟು ಪ್ಲಗ್ಗನ್ನು ಕಿತ್ತರೆನ್ನಿ. ಟಾರ್ಚ್ ಹಿಡಿದವರು ಅತ್ತೆಯವರು. ರಬ್ಬರಿನ ಎಸಳುಗಳ ಅಡಿಯಿಂದ ಬಂದ ಲೋಳೆಯನ್ನು ಕಂಡು ಅಳಿಯಂದಿರು ಮೂಗು ಮುಚ್ಚಿಕೊಂಡರು. ಈ ಮನೆಗೆ ಬಂದ ಎರಡು ವರ್ಷಗಳಲ್ಲಿ ಅದನ್ನು ಒಮ್ಮೆಯೂ ಎತ್ತಿ ನೋಡಿರಲಿಲ್ಲವೆಂದು ಒಪ್ಪಿಕೊಂಡರು. ಮಧ್ಯಾಹ್ನದ ಹೊತ್ತಿಗೆ ನಾತ ಹೋಗಿತ್ತು; ಕಿಟಕಿ ಮುಚ್ಚಿತ್ತು.

ಊಟಕ್ಕೆ ಕುಳಿತು ಮೊದಲ ತುತ್ತು ಕಲಸುವಾಗ ಅಳಿಯಂದಿರು ತಲೆಯೆತ್ತಿ ಕೇಳಿದರು: "ಅತ್ತೆ, ನಾಲ್ಕು ದಿನದಿಂದ ಸಾರಿಗೆ ಇಂಗು ಹಾಕುವುದನ್ನು ಯಾಕೆ ಬಿಟ್ಟಿದ್ದೀರಿ?"

ಆಕೆ ಉತ್ತರ ಹೇಳಲಿಲ್ಲ. ಎದ್ದು ಹೋಗಿ ಒಗ್ಗರಣೆಯ ಸೌಟನ್ನು ಒಲೆಯ ಮೇಲಿಟ್ಟರು.